ಕಂಟೇನರ್ ಯಾವಾಗ ಬರುತ್ತೆ? ನಾನು ಡೇಟಾ ಇಟ್ಟುಕೊಂಡ ರೀತಿ

ಆಮದು ಪ್ಲಾನಿಂಗ್ ಮಾಡುವವರಿಗೆ ದಿನಾ ಎದುರಾಗುವ ಪ್ರಶ್ನೆ ಒಂದೇ: ಸರಕು ಯಾವಾಗ ಕೈಗೆ ಸಿಗುತ್ತೆ? ಉತ್ತರ ಹೇಳುವ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ನಾನು ಮಾತ್ರ ಒಂದು ಸ್ಪ್ರೆಡ್‌ಶೀಟ್ ತೆಗೆದು, ಪ್ರತಿ ಕಂಟೇನರ್‌ಗೆ ಒಂದು ಸಾಲು ಅಂತ ಶುರು ಮಾಡಿದೆ. ಈಗಲೂ ಅದನ್ನೇ ಜಾಸ್ತಿ ನಂಬುತ್ತೇನೆ.

ಹಡಗು ಬಂದರಿನ ಹೊರಗೆ ಲಂಗರು ಹಾಕಿದ್ದು, ಬರ್ತ್‌ಗೆ (ಸರಕು ಇಳಿಸುವ ಕಟ್ಟೆಗೆ) ಬಂದಿದ್ದು, ಕಂಟೇನರ್ ಇಳಿದಿದ್ದು, ಗೇಟ್ ದಾಟಿದ್ದು, ಎಲ್ಲಕ್ಕೂ ಬೇರೆ ಬೇರೆ ತಾರೀಖು. ಶಿಪ್ಪಿಂಗ್ ಲೈನ್ ಒಂದನ್ನು ಹೇಳುತ್ತೆ, ಫಾರ್ವರ್ಡರ್ (ನಮ್ಮ ಪರವಾಗಿ ಸಾಗಣೆ ನೋಡಿಕೊಳ್ಳುವ ಏಜೆಂಟ್) ಇನ್ನೊಂದನ್ನು ಹೇಳುತ್ತಾರೆ, ಗೋದಾಮಿನವರ ಲೆಕ್ಕವೇ ಬೇರೆ. ಆ ನಾಲ್ಕು ತಾರೀಖಿಗೂ ಬೇರೆ ಕಾಲಂ ಇಟ್ಟೆ. ಬಂದರುಗಳಿಗೆ ಹೆಸರಿನ ಬದಲು ವಿಶ್ವಸಂಸ್ಥೆಯ ಐದಕ್ಷರದ ಕೋಡ್ ಹಾಕಿದೆ. ರಾಟರ್‌ಡ್ಯಾಮ್ ಅಂದರೆ ಎನ್‌ಎಲ್‌ಆರ್‌ಟಿಎಂ, ಯಾರು ಟೈಪ್ ಮಾಡಿದರೂ ಒಂದೇ. ಕಂಟೇನರ್ ನಂಬರ್‌ನ ಕೊನೆಯ ಅಂಕಿ ಚೆಕ್ ಡಿಜಿಟ್, ಅಂದರೆ ಉಳಿದ ಅಕ್ಷರ, ಅಂಕಿಗಳಿಂದ ಲೆಕ್ಕ ಹಾಕಿ ಬರುವಂಥದ್ದು. ಅದನ್ನು ಲೆಕ್ಕ ಹಾಕುವ ಒಂದು ಫಾರ್ಮುಲಾ ಸೇರಿಸಿದ ಮೇಲೆ ತಪ್ಪು ನಂಬರ್‌ಗಳು ಬಹುತೇಕ ಅಲ್ಲೇ ಸಿಕ್ಕಿಬೀಳುತ್ತವೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇಟಿಎಯನ್ನು (ಹಡಗು ಬಂದು ತಲುಪುವ ಅಂದಾಜು ತಾರೀಖನ್ನು) ಆಗಾಗ ಬರೆದಿಟ್ಟುಕೊಂಡಿದ್ದು. ಟ್ರ್ಯಾಕಿಂಗ್ ಪುಟದಲ್ಲಿ ಹೊಸ ತಾರೀಖು ಬಂದರೆ ಹಳೆಯದು ಸಾಮಾನ್ಯವಾಗಿ ಮಾಯ. ಹಡಗು ಬಂದ ಮೇಲೆ ಹೋಗಿ ನೋಡಿದರೆ ಇಟಿಎ ಒಂದು ದಿನವೂ ತಪ್ಪಿಲ್ಲ ಅನ್ನಿಸುತ್ತೆ, ಯಾಕಂದ್ರೆ ಅಲ್ಲಿ ಉಳಿದಿರುವುದು ಕಟ್ಟಕಡೆಯ ಅಂದಾಜು ಮಾತ್ರ! ಹೊರಡುವಾಗ ಏನು ಹೇಳಿದ್ದರು, ಎರಡು ವಾರ ಮುಂಚೆ ಏನು, ಒಂದು ವಾರ ಮುಂಚೆ ಏನು ಅಂತ ನೀವೇ ಉಳಿಸಿಕೊಂಡರೆ, ಯಾವ ಮಾರ್ಗದಲ್ಲಿ ಯಾವ ಹಂತದಿಂದ ಆ ಮಾತನ್ನು ನಂಬಬಹುದು ಅಂತ ಗೊತ್ತಾಗುತ್ತೆ.

ಹಡಗು ತನ್ನ ಗುರುತು, ಜಾಗ ತಿಳಿಸಲು ರೇಡಿಯೊದಲ್ಲಿ ಕಳಿಸುವ ಎಐಎಸ್ ಸಿಗ್ನಲ್ ಬಗ್ಗೆಯೂ ಒಂದು ಮಾತು. ಅದರಲ್ಲಿ ಹಡಗಿರುವ ಜಾಗ ಮತ್ತು ವೇಗ ಜಿಪಿಎಸ್‌ನಿಂದ ತಾನಾಗಿ ಬರುತ್ತೆ, ಅದು ಗಟ್ಟಿ ಮಾಹಿತಿ. ಹೋಗಬೇಕಾದ ಬಂದರು ಮತ್ತು ಇಟಿಎ ಹಾಗಲ್ಲ, ಹಡಗಿನವರು ಕೈಯಾರೆ ಟೈಪ್ ಮಾಡುವಂಥದ್ದು. ಕೆಲವೊಮ್ಮೆ ಹಿಂದಿನ ಪ್ರಯಾಣದ್ದೇ ಉಳಿದಿರುತ್ತೆ. ಹಾಗಾಗಿ ಲಂಗರು ಹಾಕಿ ಕಾಯುತ್ತಿದೆಯಾ ಅಂತ ನೋಡುವುದಕ್ಕಷ್ಟೇ ನಾನು ಅದನ್ನು ಬಳಸುತ್ತೇನೆ.

ಇನ್ನು ಸರಾಸರಿ. ಟ್ರಾನ್ಸ್‌ಶಿಪ್‌ಮೆಂಟ್ (ನಡುವಿನ ಬಂದರಿನಲ್ಲಿ ಹಡಗು ಬದಲಿಸುವುದು) ಇರುವ ಮಾರ್ಗದಲ್ಲಿ ಇದರಷ್ಟು ದಾರಿ ತಪ್ಪಿಸುವ ಸಂಖ್ಯೆ ಇನ್ನೊಂದಿಲ್ಲ. ಕಂಟೇನರ್ ಸೇವೆಗಳು ಹೆಚ್ಚಾಗಿ ವಾರಕ್ಕೊಂದು. ನಡುವಿನ ಬಂದರಿನಲ್ಲಿ ಮುಂದಿನ ಹಡಗು ಸಿಕ್ಕರೆ ಸರಕು 30 ದಿನಕ್ಕೆ ಬಂತು ಅಂದುಕೊಳ್ಳಿ, ತಪ್ಪಿದರೆ 37. ಅರ್ಧಕ್ಕರ್ಧ ಹಾಗಾದರೆ ಸರಾಸರಿ 33.5 ಅಂತ ಬರುತ್ತೆ, ಆ ಹೊತ್ತಿಗೆ ಒಂದು ಕಂಟೇನರೂ ಬಂದಿರುವುದಿಲ್ಲ! ಅದಕ್ಕೇ ನಾನು ದಿನಗಳನ್ನು ಸಾಲಾಗಿ ಜೋಡಿಸಿ, ಹತ್ತರಲ್ಲಿ ಒಂಬತ್ತು ಸಲ ಎಷ್ಟು ದಿನದೊಳಗೆ ಬಂದಿದೆ ಅಂತ ನೋಡುತ್ತೇನೆ. ಮುಖ್ಯವಾದ ಸರಕಿಗೆ ಆ ಸಂಖ್ಯೆ ಹಿಡಿದೇ ಆರ್ಡರ್ ತಾರೀಖು ಮತ್ತು ಸ್ಟಾಕ್ ನಿರ್ಧಾರ. ನೇರ ಹಡಗಿಗೆ ಬಾಡಿಗೆ ಜಾಸ್ತಿ ಅಂತ ಗೊಣಗುವವರಿಗೂ ಈ ಪಟ್ಟಿಯನ್ನೇ ತೋರಿಸುತ್ತೇನೆ, ಯಾಕಂದ್ರೆ ಆ ಏಳು ದಿನಕ್ಕೆ ಇಡಬೇಕಾದ ಹೆಚ್ಚುವರಿ ಸ್ಟಾಕ್‌ಗೂ ದುಡ್ಡೇ ಅಲ್ವಾ ಬೇಕಾಗುವುದು?

ಡೇಟಾ ಹಳೆಯದಾದಷ್ಟೂ ಒಳ್ಳೆಯದು ಅಂತೇನಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದಾಗ ದೊಡ್ಡ ಲೈನ್‌ಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿ ಹೋದವು. ಏಷ್ಯಾ–ಯುರೋಪ್ ಪ್ರಯಾಣಕ್ಕೆ ಸುಮಾರು 10ರಿಂದ 14 ದಿನ ಸೇರಿತು. ಅದಕ್ಕೂ ಮುಂಚಿನ ಸಾಲುಗಳನ್ನು ಜೊತೆಗೆ ಸೇರಿಸಿ ಲೆಕ್ಕ ಹಾಕಿದರೆ ಉತ್ತರ ಎರಡು ಮಾರ್ಗಕ್ಕೂ ಹೊಂದುವುದಿಲ್ಲ. ಹಾಗಾಗಿ ನನ್ನ ಹಾಳೆಯಲ್ಲಿ ಯಾವ ದಾರಿ ಅನ್ನುವುದಕ್ಕೆ ಬೇರೆಯೇ ಕಾಲಂ ಇದೆ. ಪನಾಮಾ ಕಾಲುವೆಯ ಕಥೆ ಸ್ವಲ್ಪ ಬೇರೆ. 2023ರಲ್ಲಿ ಮಳೆ ಕೈಕೊಟ್ಟು, ಕಾಲುವೆಗೆ ನೀರು ಕೊಡುವ ಗಟೂನ್ ಸರೋವರದ ನೀರು ಇಳಿಯಿತು. ದಿನಕ್ಕೆ 36ರಷ್ಟಿದ್ದ ಹಡಗುಗಳನ್ನು ಡಿಸೆಂಬರ್ ಹೊತ್ತಿಗೆ 22ಕ್ಕೆ ಇಳಿಸಿದರು. ಕಾಲುವೆಯವರೇ ಸರೋವರದ ಮಟ್ಟವನ್ನು ಪ್ರಕಟಿಸುತ್ತಾರೆ, ಆ ಕಡೆ ಸರಕು ಇದ್ದರೆ ಅದನ್ನು ನೋಡುತ್ತಿರಿ, ಮುನ್ಸೂಚನೆ ಸಿಗುತ್ತೆ.

ಬಾಡಿಗೆ ದರಕ್ಕೆ ಡ್ರೂರಿ ಅನ್ನುವ ಸಲಹಾ ಸಂಸ್ಥೆಯ ವಾರದ ಸೂಚ್ಯಂಕ, ಶಾಂಘೈನ ಕಂಟೇನರ್ ಬಾಡಿಗೆ ಸೂಚ್ಯಂಕ ಎಸ್‌ಸಿಎಫ್‌ಐ ಎರಡೂ ನೋಡುತ್ತೇನೆ. ಅವು ಸ್ಪಾಟ್ ದರ, ಅಂದರೆ ಒಪ್ಪಂದವಿಲ್ಲದೆ ಆಗಿನ ಮಾರುಕಟ್ಟೆಯಲ್ಲಿ ಸಿಗುವ ದರ, ದಿಕ್ಕು ತಿಳಿಯೋಕೆ ಸಾಕು, ನಿಮ್ಮ ಒಪ್ಪಂದದ ದರ ಬೇರೆಯೇ ಇರುತ್ತೆ. ಬಾಲ್ಟಿಕ್ ಡ್ರೈ ಇಂಡೆಕ್ಸ್ ಹಿಡಿದು ಕಂಟೇನರ್ ಬಾಡಿಗೆ ಬಗ್ಗೆ ಮಾತಾಡುವವರು ಇನ್ನೂ ಸಿಗುತ್ತಾರೆ. ಅದು ಕಲ್ಲಿದ್ದಲು, ಕಬ್ಬಿಣದ ಅದಿರು, ಧಾನ್ಯ ಸಾಗಿಸುವ ಹಡಗುಗಳದ್ದು, ಸುಮ್ನೆ ಗೊಂದಲ.

ಯಾವುದೇ ಫಾರ್ವರ್ಡರ್ ಜೊತೆಗಿನ ಒಪ್ಪಂದ ನವೀಕರಿಸುವ ಮುಂಚೆ ಈಗ ನಾನು ಹಾಳೆಯಿಂದ ಅವರಿಗೆ ಸಂಬಂಧಿಸಿದ ಸಾಲುಗಳನ್ನಷ್ಟೇ ತೆಗೆದು ಅವರಿಗೆ ಕಳಿಸುತ್ತೇನೆ. ದರದ ಮಾತು ಆಮೇಲೆ.