ಮಳೆಗಾಲದಲ್ಲಿ ಹಳೇ ಕಾಮಿಕ್ಸ್ ಕೊಳ್ಳುವವರಿಗೆ

ಶಿವಮೊಗ್ಗದಲ್ಲಿ ಮಕ್ಕಳನ್ನು ಕರೆದುಕೊಂಡು ಕಾಮಿಕ್ಸ್ ಅಂಗಡಿಗೆ ಹೋಗುವವರು ಆದಷ್ಟು ಬೆಳಗ್ಗೆಯೇ ಹೋಗಿ. ಸಂಜೆ ಗಾಂಧಿ ಬಜಾರ್ ಸುತ್ತಮುತ್ತ ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಕಷ್ಟ. ಬೆಳಗ್ಗೆಯಾದರೆ ಅಂಗಡಿಯವರಿಗೂ ಪುರುಸೊತ್ತು ಇರುತ್ತದೆ. ಮಗುವಿಗೆ ಯಾವ ಥರದ ಕಥೆ ಇಷ್ಟ ಅಂತ ಹೇಳಿ. ಸಣ್ಣ ಅಂಗಡಿಯವರು ಎಷ್ಟೋ ಸಲ ತಾವೇ ಓದಿರುತ್ತಾರೆ, ಒಳಗಿನ ಕಟ್ಟು ಬಿಚ್ಚಿ ತೆಗೆದುಕೊಡುತ್ತಾರೆ. ಆನ್‌ಲೈನ್‌ನಲ್ಲಿ ಈ ಸುಖ ಇಲ್ಲ.

ಹಳೇ ಪ್ರತಿ ಕೊಳ್ಳುವಾಗ ಅವಸರ ಬೇಡ. ಮೊದಲು ಮಧ್ಯದ ಹಾಳೆ ತೆರೆದು ನೋಡಿ. ನಮ್ಮ ಮಲೆನಾಡಿನ ಥಂಡಿಗೆ ಪಿನ್ನು ತುಕ್ಕು ಹಿಡಿಯುತ್ತದೆ, ಆ ಹಾಳೆಯೇ ಮೊದಲು ಕಳಚಿಕೊಳ್ಳುತ್ತದೆ. ಅದೊಂದು ಹೋದರೆ ಕಥೆಯ ನಡುವಿನ ನಾಲ್ಕು ಪುಟ ಹೋದವು ಅಂತಲೇ. ಅಮರ ಚಿತ್ರ ಕಥೆಯ ಸಾಮಾನ್ಯ ಸಂಚಿಕೆಗೆ 32 ಪುಟ, ಎಣಿಸಿಯೇ ತಗೊಳ್ಳಿ. 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್‌ನ ಕನ್ನಡ ಪ್ರತಿ ಸಿಕ್ಕರಂತೂ ಅಂಚು ಹರಿದಿದ್ದರೂ ಬಿಡಬೇಡಿ. ಆದರೆ ಬೂಷ್ಟು ವಾಸನೆ ಬರುತ್ತಿದ್ದರೆ ಎಷ್ಟೇ ಅಪರೂಪದ್ದಾದರೂ ಬೇಡ. ಮನೆಯಲ್ಲಿರುವ ಬೇರೆ ಪುಸ್ತಕಗಳಿಗೂ ಹರಡುತ್ತದೆ.

ಛತ್ರಿ ಹೊರಗೇ ಇಡಿ, ಕೈ ಒರೆಸಿಕೊಂಡು ಪುಸ್ತಕ ಮುಟ್ಟಿ. ಮಕ್ಕಳು ನಿಂತಲ್ಲೇ ಇಡೀ ಕಥೆ ಓದಿ ಮುಗಿಸಿದರೆ ಸುಮ್ನೆ ಹೊರಡಬೇಡಿ, ಒಂದಾದರೂ ಕೊಂಡುಕೊಳ್ಳಿ. ಅಂಗಡಿ ನಡೆಯಬೇಕಲ್ವಾ? ದಪ್ಪ ಪ್ಲಾಸ್ಟಿಕ್ ಕವರ್ ಒಂದನ್ನು ಮನೆಯಿಂದಲೇ ಒಯ್ಯಿರಿ. ಮಳೆಯಲ್ಲಿ ಬಟ್ಟೆ ಚೀಲ ಸಾಲುವುದಿಲ್ಲ.