ತೋಟದ ಲೆಕ್ಕದಿಂದ ಲಿಬ್ರೆಆಫೀಸ್ ಕೋಡ್‌ವರೆಗೆ: ನನ್ನ ಅನುಭವ

ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್ ಕೆಲಸಕ್ಕೆ ಹೇಗೆ ಸೇರೋದು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು, ನೀವು ದಿನಾ ಬಳಸುವ ಸಾಫ್ಟ್‌ವೇರನ್ನೇ ಹಿಡಿಯಿರಿ ಅಂತ. ದೊಡ್ಡ ಹೆಸರಿದೆ ಅಂತ ಪರಿಚಯವೇ ಇಲ್ಲದ ಪ್ರಾಜೆಕ್ಟಿಗೆ ಹೋದರೆ ಅಲ್ಲಿ ಯಾವುದು ಸರಿ, ಯಾವುದು ಕೆಟ್ಟಿದೆ ಅನ್ನೋದೇ ತಿಳಿಯುವುದಿಲ್ಲ. ಬಳಸುವವನಿಗೆ ಅದು ಕೂತಲ್ಲೇ ಗೊತ್ತಾಗುತ್ತದೆ.

ನನಗೆ ಹಾಗೆ ಸಿಕ್ಕಿದ್ದು ಲಿಬ್ರೆಆಫೀಸ್ ಅನ್ನುವ ಉಚಿತ ಆಫೀಸ್ ಸಾಫ್ಟ್‌ವೇರ್. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ರೊಬಸ್ಟಾ ಕಾಫಿ ತೋಟ. ಚೆಕ್‌ರೋಲ್ (ಕೆಲಸದವರ ಹಾಜರಿ, ಕೂಲಿಯ ಪಟ್ಟಿ), ಕರಿಮೆಣಸಿನ ಲೆಕ್ಕ, ಮಳೆ ಲೆಕ್ಕ ಎಲ್ಲವೂ ಅದರ ಲೆಕ್ಕದ ಹಾಳೆ ಕ್ಯಾಲ್ಕ್‌ನಲ್ಲೇ ಇದೆ. ಮಳೆಯನ್ನು ನಮ್ಮಲ್ಲಿ ಇಂಚಿನಲ್ಲೇ ಬರೆಯೋದು. ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಹಳೇ ವರ್ಷಗಳನ್ನೂ ಕೂತು ಟೈಪ್ ಮಾಡಿದ್ದೇನೆ.

ಒಮ್ಮೆ ಹಳೇ ಎಕ್ಸೆಲ್ ಫೈಲೊಂದನ್ನು ಕ್ಯಾಲ್ಕ್‌ನಲ್ಲಿ ತೆರೆದಾಗ ಕೆಲಸದವರ ಹೆಸರುಗಳ ಕೆಳಭಾಗ ಕತ್ತರಿಸಿ ಹೋಗಿತ್ತು. ಸಾಲಿನ ಎತ್ತರ ಸಾಕಾಗಿರಲಿಲ್ಲ. ‘ರಾಜು’ ಸರಿಯಾಗಿ ಕಾಣುತ್ತಿತ್ತು, ‘ಲಕ್ಷ್ಮಿ’ಯ ಒತ್ತುಗಳು ಅರ್ಧ ಮಾಯ. ಇಂಗ್ಲಿಷ್ ಹೆಸರಿದ್ದ ಸಾಲುಗಳಲ್ಲಿ ಏನೂ ತೊಂದರೆ ಇಲ್ಲ. ಇದನ್ನು ಯುರೋಪಿನಲ್ಲಿ ಕೂತ ಡೆವಲಪರ್ ಕಂಡುಹಿಡಿಯುವುದು ಕಷ್ಟ. ಅಕ್ಷರ ಪೂರ್ತಿ ಇದೆಯೋ ಇಲ್ಲವೋ ಅಂತ ಹೇಳಬೇಕಾದವರು ಕನ್ನಡ ಓದುವವರೇ ಅಲ್ವಾ? ಕೋಡ್ ಬರೆಯುವ ಮೊದಲೇ ನಾವು ಕೊಡಬಹುದಾದದ್ದು ಎಷ್ಟಿದೆ ಅಂತ ಆಗ ಅನ್ನಿಸಿತು.

ಬಗ್ (ಸಾಫ್ಟ್‌ವೇರಿನ ದೋಷ) ವರದಿ ಬರೆಯುವುದು ತಾಳ್ಮೆಯ ಕೆಲಸ. ‘ಕನ್ನಡ ಸರಿ ಬರ್ತಿಲ್ಲ’ ಅಂತ ಸುಮ್ನೆ ಬರೆದರೆ ಯಾರೂ ಏನೂ ಮಾಡಲಾಗದು. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಈ ಮೂರನ್ನೂ ಬೇರೆ ಬೇರೆಯಾಗಿ ಬರೆಯಬೇಕು. ‘ಅಬೌಟ್’ ಕಿಟಕಿಯಲ್ಲಿರುವ ಆವೃತ್ತಿಯ ವಿವರವನ್ನು ಹಾಗೇ ಕಾಪಿ ಮಾಡಿ ಹಾಕಬೇಕು. ನಾವು ಮಾಡಿಕೊಂಡ ಸೆಟ್ಟಿಂಗ್‌ಗಳಿಲ್ಲದೆ ತೆರೆಯುವ ಸೇಫ್ ಮೋಡ್‌ನಲ್ಲಿ ತೆರೆದರೂ ಹಾಗೇ ಆಗುತ್ತದಾ ಅಂತ ನೋಡಬೇಕು. ಚೆಕ್‌ರೋಲ್‌ನಲ್ಲಿ ಜನರ ಹೆಸರು, ಕೂಲಿ ಎಲ್ಲ ಇರುತ್ತದೆ, ಅದನ್ನು ಹೊರಗೆ ಹಾಕುವಂತಿಲ್ಲ. ಒಂದೊಂದೇ ಸಾಲು ಅಳಿಸುತ್ತಾ ಬಂದೆ. ಹೆಸರುಗಳನ್ನು ಬದಲಿಸಿದ ಮೂರು ಸಾಲಷ್ಟೇ ಉಳಿದಾಗಲೂ ತೊಂದರೆ ಹಾಗೇ ಕಾಣಿಸಿತು. ಆ ಪುಟ್ಟ ಫೈಲನ್ನೇ ವರದಿಗೆ ಲಗತ್ತಿಸಿದೆ. ಇಷ್ಟು ಚಿಕ್ಕ ಫೈಲ್ ಕೊಟ್ಟರೆ ಡೆವಲಪರ್‌ಗೆ ಅರ್ಧ ಕೆಲಸ ಮುಗಿದ ಹಾಗೆ.

ಲಿಬ್ರೆಆಫೀಸ್‌ನಲ್ಲಿ ನಾವು ಹಾಕಿದ ಬಗ್ಗನ್ನು ನಾವೇ ಖಚಿತಪಡಿಸುವ ಹಾಗಿಲ್ಲ. ಇನ್ನೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ನೋಡಿ ಹೌದು ಅನ್ನಬೇಕು. ನನ್ನದನ್ನು ಯಾರೋ ನೋಡಿದರು, ಹಾಗಾಗಿ ನಾನೂ ಬೇರೆಯವರದನ್ನು ನೋಡಲು ಶುರುಮಾಡಿದೆ. ಹೊಸಬರಿಗೆ ಇದಕ್ಕಿಂತ ಒಳ್ಳೇ ದಾರಿ ನನಗೆ ಗೊತ್ತಿಲ್ಲ. ಒಂದು ಸಂಜೆಗೆ ಒಂದೆರಡು ಬಗ್ ನೋಡಿದರೂ ಸಾಕು. ಯಾವ ಭಾಗ ಎಲ್ಲಿದೆ, ಯಾರು ಯಾವುದನ್ನು ನೋಡಿಕೊಳ್ಳುತ್ತಾರೆ, ಅಲ್ಲಿ ಮಾತಾಡುವ ರೀತಿ ಹೇಗೆ ಎಲ್ಲ ತಾನಾಗೇ ತಿಳಿಯುತ್ತಾ ಹೋಗುತ್ತದೆ.

ಕೋಡ್ ಇಳಿಸಿಕೊಳ್ಳುವ ವಿಷಯವನ್ನು ಕೊಡಗಿನವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಈ ಕೋಡ್ ಬಹಳ ದೊಡ್ಡದು, ಹಳೆಯದು. ಜರ್ಮನಿಯ ಸ್ಟಾರ್‌ಆಫೀಸ್ ಮುಂದೆ ಓಪನ್‌ಆಫೀಸ್ ಆಗಿ, 2010ರಲ್ಲಿ ಅದರಿಂದ ಲಿಬ್ರೆಆಫೀಸ್ ಕವಲೊಡೆಯಿತು. ಕೋಡ್ ಒಳಗಿದ್ದ ಜರ್ಮನ್ ಟಿಪ್ಪಣಿಗಳನ್ನು ಇಂಗ್ಲಿಷಿಗೆ ತರುವುದೂ ಒಂದು ಕಾಲದಲ್ಲಿ ಹೊಸಬರಿಗೆ ಕೊಡುವ ಕೆಲಸಗಳಲ್ಲಿ ಒಂದಾಗಿತ್ತು. ಕೋಡಿನಲ್ಲಾದ ಬದಲಾವಣೆಗಳ ಅಷ್ಟು ಇತಿಹಾಸವನ್ನು ಒಟ್ಟಿಗೆ ಇಳಿಸುವುದು ಮಳೆಗಾಲದಲ್ಲಿ ಆಗುವ ಮಾತಲ್ಲ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಕೋಡನ್ನು ಇತಿಹಾಸದ ಸಮೇತ ಇಳಿಸುವ ‘ಗಿಟ್ ಕ್ಲೋನ್’ ಆದೇಶ ನಡುವೆ ನಿಂತರೆ ಮತ್ತೆ ಮೊದಲಿಂದಲೇ ಶುರು. ಹಾಗಾಗಿ ಮೊದಲು ‘ಡೆಪ್ತ್ 1’ ಅಂತ ಕೊಟ್ಟು ಈಗಿನ ಸ್ಥಿತಿಯನ್ನಷ್ಟೇ ಇಳಿಸಿಕೊಳ್ಳಿ. ಆಮೇಲೆ ‘ಡೀಪನ್’ ಆಯ್ಕೆ ಬಳಸಿ ಹಿಂದಿನ ಇತಿಹಾಸವನ್ನು ಕಂತು ಕಂತಾಗಿ ತರಿಸಬಹುದು. ಒಂದು ಕಂತು ಪೂರ್ತಿ ಬಂದರೆ ಅದು ಉಳಿಯುತ್ತದೆ.

ಕೋಡನ್ನು ಓಡುವ ಸಾಫ್ಟ್‌ವೇರ್ ಆಗಿ ಮಾಡುವ ಬಿಲ್ಡ್‌ಗೆ ಈ ಕಾಟ ಕಡಿಮೆ. ಮೊದಲ ಸಲ ಗಂಟೆಗಟ್ಟಲೆ ಹಿಡಿಯುತ್ತದೆ, ನಿಜ. ಆದರೆ ನಡುವೆ ಲ್ಯಾಪ್‌ಟಾಪ್ ಆಫ್ ಆದರೂ ‘ಮೇಕ್’ ಅಂತ ಮತ್ತೆ ಕೊಟ್ಟರೆ ಆಗಿರುವುದನ್ನು ಬಿಟ್ಟು ಮುಂದುವರಿಯುತ್ತದೆ. ಕಮಿಟ್ ಮಾಡಲು, ಅಂದರೆ ಮಾಡಿದ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಲು, ನೆಟ್ ಬೇಕಾಗೇ ಇಲ್ಲ. ಕರೆಂಟು ಇಲ್ಲದ ಹೊತ್ತಿನಲ್ಲಿ ಬ್ಯಾಟರಿ ಇರುವಷ್ಟು ಕೆಲಸ ಮಾಡಿ, ನೆಟ್ ಬಂದಾಗ ಕಳಿಸಿದರಾಯಿತು. ಆ ಕಡೆಯವರೂ ತಕ್ಷಣ ಉತ್ತರ ಬರಬೇಕು ಅಂತ ಕಾಯುವುದಿಲ್ಲ. ನಮ್ಮಂಥ ಊರಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಲಿಬ್ರೆಆಫೀಸ್‌ನಲ್ಲಿ ಹೊಸಬರಿಗಾಗಿಯೇ ‘ಈಸಿ ಹ್ಯಾಕ್ಸ್’ ಅಂತ ಕೆಲಸಗಳನ್ನು ಗುರುತಿಸಿ ಇಟ್ಟಿರುತ್ತಾರೆ. ನಾನು ಹಿಡಿದದ್ದು ಟೆಸ್ಟ್ ಬರೆಯುವ ಕೆಲಸ. ಯಾವುದೋ ಬಗ್ ಸರಿಹೋಗಿರುತ್ತದೆ, ಅದು ಮತ್ತೆ ಬಂದರೆ ಹಿಡಿಯುವ ಟೆಸ್ಟ್ ಮಾತ್ರ ಇರುವುದಿಲ್ಲ. ಒಳಗಿನ ಕೋಡ್ ಹೆಚ್ಚಾಗಿ ಸಿ++ ಭಾಷೆಯಲ್ಲಿದೆ, ಆದರೆ ಮೆನು, ಬಟನ್‌ಗಳನ್ನು ಪರೀಕ್ಷಿಸುವ ಯುಐ ಟೆಸ್ಟ್‌ಗಳನ್ನು ಪೈಥಾನ್ ಭಾಷೆಯಲ್ಲಿ ಬರೆಯುತ್ತಾರೆ. ಪೈಥಾನ್ ಬಂದರೆ ಆರಂಭಕ್ಕೆ ಸಾಕು.

ನನ್ನ ಪ್ಯಾಚ್ (ಕೋಡಿಗೆ ಸೇರಿಸಲು ಕಳಿಸುವ ಬದಲಾವಣೆ) ಅದನ್ನು ಪರಿಶೀಲಿಸುವ ತಾಣವಾದ ಗೆರಿಟ್‌ಗೆ ಹೋದ ಮೇಲೆ ವಿಮರ್ಶಕರು ಕೇಳಿದ ಮೊದಲ ಪ್ರಶ್ನೆ: ‘ರಿಪೇರಿಯನ್ನು ತೆಗೆದುಬಿಟ್ಟರೆ ಈ ಟೆಸ್ಟ್ ಸೋಲುತ್ತದಾ?’ ಬಹಳ ಒಳ್ಳೇ ಪ್ರಶ್ನೆ. ಯಾವಾಗಲೂ ಪಾಸ್ ಆಗುವ ಟೆಸ್ಟ್ ಇದ್ದೂ ಇಲ್ಲದ ಹಾಗೆ. ರಿಪೇರಿಯ ಸಾಲುಗಳನ್ನು ತೆಗೆದು, ಆ ಭಾಗವನ್ನು ಮತ್ತೆ ಬಿಲ್ಡ್ ಮಾಡಿ ಟೆಸ್ಟ್ ಓಡಿಸಿದೆ. ಸೋತಿತು. ಯಾವ ಉತ್ತರ ಬರಬೇಕಿತ್ತು, ರಿಪೇರಿ ಇಲ್ಲದಿದ್ದರೆ ಯಾವುದು ಬರುತ್ತದೆ ಅನ್ನುವುದನ್ನು ಟೆಸ್ಟ್ ಪಕ್ಕದಲ್ಲೇ ಟಿಪ್ಪಣಿಯಾಗಿ ಬರೆದೆ. ಇದು ಅಲ್ಲಿನ ಪದ್ಧತಿ, ಹಳೇ ಟೆಸ್ಟ್‌ಗಳನ್ನು ಓದಿದರೆ ಕಾಣುತ್ತದೆ. ಬದಲಾವಣೆಯನ್ನು ಹೊಸ ಕಮಿಟ್ ಆಗಿ ಸೇರಿಸದೆ ಹಳೇದನ್ನೇ ‘ಅಮೆಂಡ್’ ಮಾಡಿ ಕಳಿಸಬೇಕು. ಕಮಿಟ್‌ನಲ್ಲಿರುವ ಚೇಂಜ್ ಐಡಿ ಅನ್ನುವ ಗುರುತು ಅದೇ ಇದ್ದರೆ ಗೆರಿಟ್ ಅದನ್ನು ಅದೇ ಪ್ಯಾಚಿನ ಮುಂದಿನ ಆವೃತ್ತಿ ಅಂತ ತೆಗೆದುಕೊಳ್ಳುತ್ತದೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ತಾನಾಗೇ ಬಿಲ್ಡ್ ಆಗಿ ಹಸಿರು ಗುರುತು ಬಂದ ಮೇಲೆ ಪ್ಯಾಚ್ ಒಳಗೆ ಸೇರಿತು. ಅವತ್ತು ನನಗಾದ ಖುಷಿಯನ್ನು ಮನೆಯವರಿಗೆಲ್ಲ ಹೇಳಿಕೊಂಡಿದ್ದೆ.

ಈಗ ಗೋಣಿಕೊಪ್ಪದ ಒಬ್ಬ ಬಿಸಿಎ ವಿದ್ಯಾರ್ಥಿನಿ ನನ್ನ ಜೊತೆ ಬಗ್ ನೋಡುತ್ತಾಳೆ. ‘ಅಣ್ಣ, ಮೊದಲು ಸಿ++ ಕಲಿತು ಬರ್ಲಾ?’ ಅಂತ ಕೇಳಿದ್ದಳು. ಬೇಡಮ್ಮ, ನಿನ್ನ ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟನ್ನು ಲಿಬ್ರೆಆಫೀಸ್‌ನ ಬರವಣಿಗೆ ಭಾಗವಾದ ರೈಟರ್‌ನಲ್ಲಿ ತೆರೆದು ನೋಡು ಅಂದೆ. ಲಿಬ್ರೆಆಫೀಸ್‌ನ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಬರುತ್ತದೆ. ಅದಕ್ಕೂ ಮೊದಲು ಬೀಟಾ, ಅಂದರೆ ಪರೀಕ್ಷೆಗಾಗಿ ಕೊಡುವ ಆವೃತ್ತಿ, ಬಿಡುತ್ತಾರೆ. ಅದರಲ್ಲಿ ಕನ್ನಡದ ಫೈಲ್‌ಗಳನ್ನು ತೆರೆದು, ಪಿಡಿಎಫ್ ಮಾಡಿ, ಪ್ರಿಂಟ್ ತೆಗೆದು ನೋಡುವವರು ಜಾಸ್ತಿ ಬೇಕಾಗಿದ್ದಾರೆ. ಆಗಲೇ ಹೇಳಿದರೆ ಬಿಡುಗಡೆಗೆ ಮುಂಚೆ ಸರಿಪಡಿಸಲು ಅವರಿಗೂ ಸಮಯ ಸಿಗುತ್ತದೆ. ಮುಂದಿನ ಬೀಟಾ ಬಂದಾಗ ನಾವಿಬ್ಬರೂ ಕೂರುತ್ತೇವೆ. ನೀವೂ ನಿಮ್ಮ ಫೈಲ್‌ಗಳನ್ನು ಒಮ್ಮೆ ತೆರೆದು ನೋಡಿ.