ಲಂಡನ್ನಿನಲ್ಲಿ ಜರ್ಮನ್ ಶಾಲೆ: ಫೀಸಿನ ಲೆಕ್ಕ ನಾನು ಹಾಕಿದ್ದು ಹೀಗೆ

ಜರ್ಮನಿಯಲ್ಲಿ ಸರ್ಕಾರಿ ಶಾಲೆಗೆ ಫೀಸಿಲ್ಲ. ಅಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ ಮಗುವಿನ ಪಾಠ ಕೆಡದಿರಲಿ ಎಂದು, ಕಂಪನಿ ಲಂಡನ್ನಿಗೆ ಕಳಿಸಿದಾಗ ಅಲ್ಲಿಯೂ ಜರ್ಮನ್ ಪಠ್ಯಕ್ರಮದ ಶಾಲೆಯನ್ನೇ ಹುಡುಕಿದರೆ, ಅದೇ ಪಾಠಕ್ಕೆ ದುಡ್ಡು ತೆರಬೇಕು. ಫೀಸಿನ ಪಟ್ಟಿಯನ್ನು ಹನ್ನೆರಡರಿಂದ ಭಾಗಿಸಿ ಸಂಬಳದಲ್ಲಿ ಕಳೆದರೆ ಲೆಕ್ಕ ತಪ್ಪುತ್ತದೆ. ಕೂಡಲು ಸುಲಭವಾಗಲಿ ಎಂದು ಇಲ್ಲಿ ವರ್ಷದ ಫೀಸು 10,000 ಪೌಂಡ್ ಎಂದಿಟ್ಟುಕೊಂಡಿದ್ದೇನೆ. ನಿಮ್ಮ ಶಾಲೆಯ ಅಂಕಿ ಹಾಕಿಕೊಳ್ಳಿ.

ಮೊದಲು ವ್ಯಾಟ್. 2025ರ ಜನವರಿ 1ರಿಂದ ಬ್ರಿಟನ್ನಿನ ಖಾಸಗಿ ಶಾಲೆಗಳ ಫೀಸಿಗೆ 20% ಬೀಳುತ್ತದೆ. ಪಾಠ ಯಾವ ಭಾಷೆಯಲ್ಲಿ ನಡೆದರೂ ಅಷ್ಟೇ. ಅಲ್ಲಿಗೆ 12,000. ಪಟ್ಟಿಯಲ್ಲಿರುವ ಅಂಕಿ ವ್ಯಾಟ್ ಸೇರಿದ್ದೋ ಸೇರದ್ದೋ ಎಂದು ಬರಹದಲ್ಲೇ ಕೇಳಿ. ಎರಡನೇ ಮಗುವಿಗೆ ರಿಯಾಯಿತಿ ಇದ್ದರೆ ಅದನ್ನು ಕಳೆದ ಮೇಲೆ ವ್ಯಾಟ್ ಲೆಕ್ಕ ಹಾಕಬೇಕು.

ಹೆಚ್ಚು ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. "ಫೀಸು ಕಂಪನಿ ಕೊಡುತ್ತೆ" ಎಂದರೆ ಪುಕ್ಕಟೆ ಎಂದಲ್ಲ. ಕಂಪನಿ ಕಟ್ಟಿದ ಫೀಸೂ ತೆರಿಗೆಯ ಲೆಕ್ಕದಲ್ಲಿ ನಿಮ್ಮ ವರಮಾನವೇ. 40% ದರದವರಾದರೆ 12,000ಕ್ಕೆ 4,800 ಪೌಂಡ್ ನಿಮ್ಮ ಕಿಸೆಯಿಂದ ಹೋಗುತ್ತದೆ. ಶಾಲೆಯ ಕರಾರಿಗೆ ಕಂಪನಿ ಸಹಿ ಹಾಕಿದ್ದರೆ ನಿಮಗೆ ಆದಾಯ ತೆರಿಗೆ ಮಾತ್ರ. ಸಹಿ ನಿಮ್ಮದಾಗಿದ್ದು ಕಂಪನಿ ದುಡ್ಡು ತುಂಬಿದರೆ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಲ್ಲಿ ಕಡಿಯುವ ಸಾಮಾಜಿಕ ವಿಮೆಯ ಕಂತು) 2% ಕೂಡ ಸೇರುತ್ತದೆ. ಆದ್ದರಿಂದ ಸಹಿ ಯಾರದು ಎಂಬುದನ್ನು ಊರು ಬಿಡುವ ಮೊದಲೇ ತೀರ್ಮಾನಿಸಿ. ಫೀಸಿನ ಬದಲು ಸಂಬಳ ಏರಿಸಿಕೊಳ್ಳುವುದಾದರೆ 40 ಮತ್ತು 2 ಸೇರಿ ನೂರಕ್ಕೆ 42 ಕಡಿತವಾಗಿ 58 ಮಾತ್ರ ಉಳಿಯುವುದರಿಂದ, 12,000 ಕೈಗೆ ಸಿಗಲು 12,000 ÷ 0.58, ಅಂದರೆ ಸುಮಾರು 20,690 ಪೌಂಡ್ ಕೇಳಬೇಕು. ಎಚ್‌ಆರ್‌ನವರು ತಾವಾಗಿ ಈ ಅಂಕಿ ಎತ್ತುವುದಿಲ್ಲ.

ಇನ್ನೊಂದು ಗುಂಡಿ 1,00,000 ಪೌಂಡಿನಲ್ಲಿದೆ. ಸಂಬಳ 92,000 ಇದ್ದರೆ ಫೀಸು ಸೇರಿ ವರಮಾನ 1,04,000 ಆಗುತ್ತದೆ. ಗಡಿ ದಾಟಿದ ಆ 4,000ದ ಮೇಲೆ, ತೆರಿಗೆರಹಿತ ಮೊತ್ತ ಕರಗುವುದರಿಂದ, ನಿಜವಾದ ತೆರಿಗೆ 60%. ಮನೆಯಲ್ಲಿ ನರ್ಸರಿಯ ಕೂಸೂ ಇದ್ದರೆ, ದುಡಿಯುವ ತಂದೆತಾಯಿಗೆಂದು ಸರ್ಕಾರದಿಂದ ಸಿಗುವ ಉಚಿತ ನರ್ಸರಿ ಗಂಟೆಗಳೂ ಹೋಗುತ್ತವೆ. ಪಿಂಚಣಿಗೆ ಹೆಚ್ಚು ಕಟ್ಟಿ ವರಮಾನವನ್ನು ಗಡಿಯೊಳಗೆ ಇಳಿಸಬಹುದು.

ದಂಪತಿಯಲ್ಲಿ ಒಬ್ಬರು ಜರ್ಮನಿಯಲ್ಲೇ ತೆರಿಗೆ ಕಟ್ಟುತ್ತಿದ್ದು ಮಗುವಿಗೆ ಕಿಂಡರ್‌ಗೆಲ್ಡ್ (ಜರ್ಮನಿಯ ಸರ್ಕಾರ ಮಕ್ಕಳಿಗೆಂದು ಕೊಡುವ ಭತ್ಯೆ) ಅರ್ಹತೆ ಉಳಿದಿದ್ದರೆ ಸ್ವಲ್ಪ ವಾಪಸ್ ಬರುತ್ತದೆ: ನೀವೇ ಕಟ್ಟಿದ ಫೀಸಿನ 30%, ಮಗುವೊಂದಕ್ಕೆ ವರ್ಷಕ್ಕೆ 5,000 ಯೂರೊ ಮೀರದಂತೆ. ಜರ್ಮನಿ ಮಾನ್ಯ ಮಾಡಿದ ಶಾಲೆ ಯೂರೋಪಿನ ಒಕ್ಕೂಟದ ಹೊರಗಿದ್ದರೂ ನಡೆಯುತ್ತದೆ. ಆದರೆ ಇದು ವರಮಾನದಿಂದ ಕಳೆಯುವ ಮೊತ್ತ. 42% ದರದಲ್ಲಿ ಪೂರಾ 5,000ಕ್ಕೆ ಉಳಿಯುವುದು 2,100 ಯೂರೊ. ಊಟ, ಬಸ್ಸಿಗೆ ವಿನಾಯಿತಿ ಇಲ್ಲ; ಬಿಲ್ಲಿನಲ್ಲಿ ಅವನ್ನು ಬೇರೆ ಸಾಲಿನಲ್ಲಿ ಬರೆಸಿಕೊಳ್ಳದಿದ್ದರೆ ತಕರಾರು ಬರುತ್ತದೆ.

ಮನೆಮಾತು ಕನ್ನಡವಾದ್ದರಿಂದ ಜರ್ಮನ್ ಬರವಣಿಗೆಗೆ ಟ್ಯೂಷನ್ ಖರ್ಚು ಹಿಡಿಯಲೇಬೇಕು. ಬಾಯಲ್ಲಿ ಪಟಪಟ ಮಾತಾಡುವ ಮಗು ನಾಮಪದದ ಮುಂದೆ ಬರುವ ಡೆರ್, ಡೆಮ್, ಡೆನ್‌ಗಳನ್ನು ಬರೆಯುವಾಗ ತಡವರಿಸುತ್ತದೆ. ಹೊರಗೆ ಇಂಗ್ಲಿಷೇ ಕೇಳುವ ಊರಿನಲ್ಲಿ ಅದು ಇನ್ನೂ ಜಾರುತ್ತದೆ. ವಾರಕ್ಕೊಂದು ಗಂಟೆ, ವರ್ಷಕ್ಕೆ 38 ವಾರ ಎಂದು ಬರೆದಿಟ್ಟುಕೊಂಡೆ.

ಸಣ್ಣದೊಂದು ತಲೆನೋವು ನೋಟ್‌ಬುಕ್ಕಿನದು. ಜರ್ಮನ್ ಶಾಲೆಯಲ್ಲಿ ಒಂದರಿಂದ ನಾಲ್ಕನೇ ಕ್ಲಾಸಿಗೆ ಒಂದೊಂದು ಬಗೆಯ ಗೆರೆ. ಅದರ ಸಂಖ್ಯೆ ರಟ್ಟಿನ ಮೇಲೆಯೇ ಇರುತ್ತದೆ. ಲಂಡನ್ನಿನ ಸ್ಟೇಷನರಿ ಅಂಗಡಿಯಲ್ಲಿ ಅದು ಸಿಗದು. ಬ್ರೆಕ್ಸಿಟ್ ಆದ ಮೇಲೆ ಜರ್ಮನಿಯ ಎಷ್ಟೋ ಸಣ್ಣ ಅಂಗಡಿಗಳು ಬ್ರಿಟನ್ನಿಗೆ ಪಾರ್ಸೆಲ್ ಕಳಿಸುವುದನ್ನೇ ಬಿಟ್ಟಿವೆ. ಬೇಸಿಗೆ ರಜೆಗೆ ಹೋದಾಗ ವರ್ಷಕ್ಕಾಗುವಷ್ಟು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬನ್ನಿ.

ಡೆಪಾಸಿಟ್ಟಿನ ಜೊತೆಗೆ ಬಿಡುವ ನೋಟಿಸಿನ ಅವಧಿಯನ್ನೂ ಓದಿ. ಒಂದು ಪೂರಾ ಟರ್ಮ್ ಮುಂಚೆ ತಿಳಿಸದಿದ್ದರೆ ಆ ಟರ್ಮಿನ ಫೀಸು ಕಟ್ಟಿ ಎನ್ನುವುದು ಬ್ರಿಟನ್ನಿನ ಖಾಸಗಿ ಶಾಲೆಗಳಲ್ಲಿ ಮಾಮೂಲು. ಕಂಪನಿ ಆರು ವಾರದ ನೋಟಿಸಿನಲ್ಲಿ ವಾಪಸ್ ಕರೆದರೆ ಆ ಮೊತ್ತ ಯಾರ ತಲೆಗೆ ಎಂದು ವರ್ಗಾವಣೆಯ ಪತ್ರದಲ್ಲೇ ಬರೆಸಿಕೊಳ್ಳಿ.